ಟಿ.ಸಿ. ಯಾಕೆ ಗುಂಯ್‌ಗುಡುತ್ತದೆ? – ಜೇಮ್ಸ್ ಜೂಲ್‌ನ ಕಥೆ

ನಿಮ್ಮ ಊರಿನ ಟಿ.ಸಿ.ಯನ್ನು ನೀವು ನೋಡಿಯೇ ಇರುತ್ತೀರಿ. ಎರಡು ಕಂಬಗಳ ನಡುವೆ ಕೂರಿಸಿದ ಕಬ್ಬಿಣದ ದಪ್ಪ ಪೆಟ್ಟಿಗೆ ಅದು. ಅದರ ಪೂರ್ತಿ ಹೆಸರು ಟ್ರಾನ್ಸ್‌ಫಾರ್ಮರ್. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ ಪರಿವರ್ತಕ ಎಂದು ಹೆಸರು. ರಾತ್ರಿ ಊರೆಲ್ಲ ಮಲಗಿದ ಮೇಲೆ ಆ ದಾರಿಯಲ್ಲಿ ಬಂದರೆ ಗುಂಯ್ ಎಂಬ ಒಂದೇ ಸಮನೆಯ ಸದ್ದು ಕೇಳುತ್ತದೆ, ಅಲ್ಲವೇ? (ದೂರದಿಂದಲೇ ಕೇಳಿಸಿಕೊಳ್ಳಿ. ಬೇಲಿ ದಾಟಿ ಹತ್ತಿರ ಹೋಗಲೇಬೇಡಿ. ಅಲ್ಲಿ 11,000 ವೋಲ್ಟ್ ವಿದ್ಯುತ್ ಇರುತ್ತದೆ.)

ಒಂದು ವಿಷಯ ಯೋಚಿಸಿ. ಫ್ಯಾನು ಸದ್ದು ಮಾಡುತ್ತದೆ, ಏಕೆಂದರೆ ಅದರ ರೆಕ್ಕೆ ತಿರುಗುತ್ತದೆ. ಹಿಟ್ಟಿನ ಗಿರಣಿ ಸದ್ದು ಮಾಡುತ್ತದೆ, ಏಕೆಂದರೆ ಅದರ ಕಲ್ಲು ತಿರುಗುತ್ತದೆ. ಆದರೆ ಟಿ.ಸಿ.ಯ ಒಳಗೆ ತಿರುಗುವ ಚಕ್ರವಿಲ್ಲ, ಏರಿಳಿಯುವ ಕೊಂತವಿಲ್ಲ. ಕಬ್ಬಿಣ, ಅದರ ಸುತ್ತ ಸುತ್ತಿದ ತಂತಿ, ಸುತ್ತಲೂ ಎಣ್ಣೆ, ಇಷ್ಟೇ. ಹಾಗಾದರೆ ಸದ್ದು ಮಾಡುವವರು ಯಾರು?

ಸದ್ದು ಮಾಡುವುದು ಆ ಕಬ್ಬಿಣವೇ. ಅದು ಹಾಗೆ ಮಿಸುಕಾಡುವುದನ್ನು ಅಳೆದು ತೋರಿಸಿದವನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಒಬ್ಬ ಬಿಯರ್ ತಯಾರಕನ ಮಗ. ಅದು 1842ರ ಮಾತು. ಆಗ ಇಂದಿನಂಥ ಪರಿವರ್ತಕ ಪ್ರಪಂಚದಲ್ಲಿ ಎಲ್ಲಿಯೂ ಇರಲಿಲ್ಲ! ಪರಿವರ್ತಕದಲ್ಲಿ ವಿದ್ಯುತ್ತಿನ ಒಂದು ಪಾಲು ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ತಿಳಿಯಲು ಬೇಕಾದ ಮುಖ್ಯ ನಿಯಮವೂ ಅವನದೇ. ಅವನ ಹೆಸರು ನಿಮಗೆ ಗೊತ್ತು. ಶಕ್ತಿಯ ಮಾನ ಯಾವುದು ಎಂದು ಗುರುಗಳು ಕೇಳಿದಾಗ ನೀವು ಹೇಳುವ ಹೆಸರು ಅವನದು: ಜೂಲ್.

ಶಾಲೆಗೆ ಹೋಗದ ಹುಡುಗ

ಜೇಮ್ಸ್ ಪ್ರೆಸ್ಕಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡ್ ಎಂಬ ಊರಿನಲ್ಲಿ. ಅವನ ಅಜ್ಜನ ಕಾಲದಿಂದ ಮನೆತನದ್ದು ಬಿಯರ್ ಕಾರ್ಖಾನೆ. ಹಣಕ್ಕೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಆರೋಗ್ಯಕ್ಕೆ. ಹುಡುಗನ ಬೆನ್ನುಮೂಳೆ ದುರ್ಬಲವಾಗಿತ್ತು. ಹಾಗಾಗಿ ಅವನನ್ನು ಶಾಲೆಗೆ ಕಳಿಸಲಿಲ್ಲ, ಪಾಠವೆಲ್ಲ ಮನೆಯಲ್ಲೇ ನಡೆಯಿತು. ಸಂಕೋಚದ ಸ್ವಭಾವದ ಹುಡುಗ. ಮುಂದೆ ದೊಡ್ಡವನಾದ ಮೇಲೂ ಸಭೆಯಲ್ಲಿ ನಿಂತು ಗಟ್ಟಿಯಾಗಿ ಮಾತಾಡುವುದು ಅವನಿಗೆ ಕಷ್ಟವೇ ಆಗಿತ್ತು.

1834ರಲ್ಲಿ ಅವನ ತಂದೆ ಜೇಮ್ಸ್‌ನನ್ನೂ ಅವನ ಅಣ್ಣ ಬೆಂಜಮಿನ್‌ನನ್ನೂ ಒಬ್ಬ ಗುರುವಿನ ಬಳಿ ಕಳಿಸಿದ. ಆ ಗುರು ಯಾರು ಗೊತ್ತೇ? ಜಾನ್ ಡಾಲ್ಟನ್! ಪರಮಾಣು ಸಿದ್ಧಾಂತದ ಡಾಲ್ಟನ್. ಆತ ಆಗ ಮುದುಕ. ಮ್ಯಾಂಚೆಸ್ಟರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸುತ್ತಿದ್ದ. ಪ್ರಪಂಚಪ್ರಸಿದ್ಧ ವಿಜ್ಞಾನಿ ಸಿಕ್ಕನಲ್ಲ, ಮೊದಲ ದಿನದಿಂದಲೇ ಪರಮಾಣುಗಳ ಬಗ್ಗೆ ಕೇಳಬಹುದು ಎಂದು ಅಣ್ಣತಮ್ಮಂದಿರು ಹಿಗ್ಗಿರಬೇಕು. ಡಾಲ್ಟನ್ ಮಾತ್ರ ಅಂಕಗಣಿತ, ರೇಖಾಗಣಿತಗಳಿಂದ ಶುರುಮಾಡಿದ. ಅಳತೆ ಬಲವಾಗದೆ ವಿಜ್ಞಾನ ಬರುವುದಿಲ್ಲ ಎಂಬ ಮನುಷ್ಯ ಆತ. ರಸಾಯನ ವಿಜ್ಞಾನ ಶುರುವಾಗಿ ಸ್ವಲ್ಪ ಕಾಲಕ್ಕೇ, 1837ರಲ್ಲಿ, ಡಾಲ್ಟನ್‌ಗೆ ಪಾರ್ಶ್ವವಾಯು ಬಡಿದು ಪಾಠ ನಿಂತಿತು. ಜೂಲ್‌ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. ಆತ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆಗಲಿಲ್ಲ, ಎಂದೂ ಪ್ರಾಧ್ಯಾಪಕನಾಗಲಿಲ್ಲ.

ಹಗಲೆಲ್ಲ ಕಾರ್ಖಾನೆಯ ಕೆಲಸ. ಬಿಯರ್ ಮಾಡುವವರಿಗೆ ತಾಪದ ಲೆಕ್ಕ ತುಂಬ ಮುಖ್ಯ. ಬಾರ್ಲಿಯ ಮೊಳಕೆಯನ್ನು ನೆನೆಸುವಾಗ, ಹುಳಿಸುವಾಗ ತಾಪ ಸ್ವಲ್ಪ ಹೆಚ್ಚುಕಡಿಮೆಯಾದರೂ ಸರಕು ಕೆಡುತ್ತದೆ. ಹೀಗೆ ಉಷ್ಣಮಾಪಕವನ್ನು ನಂಬಿಕೆಯಿಂದ ಓದುವ ಅಭ್ಯಾಸ ಅವನಿಗೆ ಮನೆಯ ಕಸುಬಿನಿಂದಲೇ ಬಂತು. ಬೆಳಗಿನ ಹೊತ್ತು, ಸಂಜೆಯ ಹೊತ್ತು ಪ್ರಯೋಗ. ಮನೆಯಲ್ಲೇ ಒಂದು ಕೋಣೆ ಪ್ರಯೋಗಶಾಲೆಯಾಯಿತು.

ಕಲ್ಲಿದ್ದಲಿಗೆ ಸೋತ ವಿದ್ಯುತ್ತು

ಆ ಕಾಲದ ಹೊಸ ಬೆರಗು ವಿದ್ಯುತ್ಕಾಂತ. ಕಬ್ಬಿಣದ ಸರಳಿಗೆ ತಂತಿ ಸುತ್ತಿ ವಿದ್ಯುತ್ ಹರಿಸಿದರೆ ಸರಳು ಕಾಂತವಾಗುತ್ತದೆ, ನಿಲ್ಲಿಸಿದರೆ ಕಾಂತತ್ವ ಹೋಗುತ್ತದೆ. ನೀವೂ ಮೊಳೆ, ತಂತಿ, ಬ್ಯಾಟರಿ ಸೆಲ್ ಇಟ್ಟುಕೊಂಡು ಮಾಡಿರಬಹುದು. 1825ರಲ್ಲಿ ಇದನ್ನು ಮೊದಲು ಮಾಡಿದ ವಿಲಿಯಂ ಸ್ಟರ್ಜನ್ ಮುಂದೆ ಮ್ಯಾಂಚೆಸ್ಟರಿಗೇ ಬಂದು ನೆಲೆಸಿ ಜೂಲ್‌ಗೆ ಸ್ನೇಹಿತನಾದ. 1838ರಲ್ಲಿ, ಹತ್ತೊಂಬತ್ತರ ಹರೆಯದ ಜೂಲ್ ಬರೆದ ಮೊದಲ ಲೇಖನ ಅಚ್ಚಾದದ್ದು ಸ್ಟರ್ಜನ್‌ನ ಪತ್ರಿಕೆಯಲ್ಲೇ.

ಹುಡುಗನ ಕನಸು ದೊಡ್ಡದಿತ್ತು. ಕಾರ್ಖಾನೆಯ ಉಗಿಯಂತ್ರವನ್ನು ತೆಗೆದುಹಾಕಿ ವಿದ್ಯುತ್ ಮೋಟಾರು ಕೂರಿಸಬೇಕು! ಆಗ ವಿದ್ಯುತ್ ಬರುತ್ತಿದ್ದದ್ದು ಸತುವನ್ನು ತಿನ್ನುವ ಬ್ಯಾಟರಿಯಿಂದ. ಜೂಲ್ ಮೋಟಾರು ಕಟ್ಟಿದ, ಪ್ರಬಲವಾದ ವಿದ್ಯುತ್ಕಾಂತಗಳನ್ನೂ ಮಾಡಿದ. ಆಮೇಲೆ ಡಾಲ್ಟನ್‌ನ ಶಿಷ್ಯನಂತೆ ಲೆಕ್ಕ ಹಾಕಿದ. ಒಂದು ಪೌಂಡ್ ಕಲ್ಲಿದ್ದಲು ಸುಟ್ಟರೆ ಒಳ್ಳೆಯ ಉಗಿಯಂತ್ರ ಮಾಡುವ ಕೆಲಸದಲ್ಲಿ ಒಂದು ಪೌಂಡ್ ಸತು ಮಾಡುವುದು ಸುಮಾರು ಐದನೇ ಒಂದು ಭಾಗ ಮಾತ್ರ. ಸತುವಿನ ಬೆಲೆಯೋ ಕಲ್ಲಿದ್ದಲಿಗಿಂತ ಎಷ್ಟೋ ಪಾಲು ಹೆಚ್ಚು. ಕನಸು ಒಡೆಯಿತು.

ಬೇರೆಯವರಾಗಿದ್ದರೆ ಆ ಮೋಟಾರನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದರೋ ಏನೋ. ಜೂಲ್ ಇನ್ನೊಂದು ಪ್ರಶ್ನೆ ಹಿಡಿದ. ತಂತಿಯಲ್ಲಿ ವಿದ್ಯುತ್ ಹರಿದಾಗ ತಂತಿ ಬಿಸಿಯಾಗುತ್ತದೆ. ಈ ಬಿಸಿ ಎಷ್ಟು? ಗಾಜಿನ ಕೊಳವೆಗೆ ತಂತಿ ಸುತ್ತಿ ಅದನ್ನು ನೀರಿನಲ್ಲಿ ಮುಳುಗಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ಅಳೆದ. 1840ರಲ್ಲಿ ನಿಯಮ ಸಿಕ್ಕಿತು. ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಪ್ರವಾಹ ಮೂರು ಪಟ್ಟಾದರೆ ಬಿಸಿ ಒಂಬತ್ತು ಪಟ್ಟು. ತಂತಿಯ ರೋಧ ಹೆಚ್ಚಿದಷ್ಟೂ ಬಿಸಿಯೂ ಹೆಚ್ಚು.

ಈ ನಿಯಮವನ್ನು ತಿರುವಿ ನೋಡಿ. ಪ್ರವಾಹವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ತಂತಿಯಲ್ಲಿ ಪೋಲಾಗುವ ಬಿಸಿ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ! ಪ್ರವಾಹ ಇಳಿಸಿಯೂ ಅಷ್ಟೇ ಶಕ್ತಿ ಕಳಿಸಬೇಕಾದರೆ ವೋಲ್ಟೇಜನ್ನು ಹತ್ತು ಪಟ್ಟು ಏರಿಸಬೇಕು. ದೂರದ ಜಲವಿದ್ಯುತ್ ಕೇಂದ್ರದಿಂದ ದೊಡ್ಡ ದೊಡ್ಡ ಗೋಪುರಗಳ ಮೇಲೆ ಲಕ್ಷಾಂತರ ವೋಲ್ಟ್‌ನಲ್ಲಿ ವಿದ್ಯುತ್ ಬರುವುದು ಇದಕ್ಕೇ. ಊರಿನ ಹತ್ತಿರ ಅದನ್ನು ಹಂತಹಂತವಾಗಿ ಇಳಿಸಲು ಪರಿವರ್ತಕಗಳು ಬೇಕು. ಮನೆಗೆ ಬರುವಾಗ ಅದು 230 ವೋಲ್ಟ್. ಜೂಲ್‌ನ ನಿಯಮ ಇಲ್ಲದಿದ್ದರೆ ಇಷ್ಟೆಲ್ಲ ಏರಿಸಿ ಇಳಿಸುವ ಗೋಜು ಯಾಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಆತ ಈ ಲೇಖನವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಅವರು ಅಚ್ಚುಹಾಕಿದ್ದು ಸಾರಾಂಶವನ್ನು ಮಾತ್ರ. ಊರ ಹೊರಗಿನ ಬಿಯರ್ ತಯಾರಕನ ಮಗನಿಗೆ ಅಷ್ಟು ಸಾಕು ಎಂದುಕೊಂಡರೇನೋ.

ಹಿಗ್ಗುವ ಸರಳು

ಈಗ ನಮ್ಮ ಗುಂಯ್ ಸದ್ದಿಗೆ ಬರೋಣ. 1837ರಲ್ಲೇ ಅಮೆರಿಕದ ಚಾರ್ಲ್ಸ್ ಪೇಜ್ ಎಂಬಾತ ಒಂದು ವಿಚಿತ್ರ ಗಮನಿಸಿದ್ದ. ಕಾಂತದ ಹತ್ತಿರದ ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸಿ ನಿಲ್ಲಿಸಿದಾಗಲೆಲ್ಲ ಕಾಂತ ಸಣ್ಣಗೆ ಮಿಡಿದಂತೆ ಸದ್ದು ಮಾಡುತ್ತಿತ್ತು. ಯಾಕೆಂದು ತಿಳಿಯಲಿಲ್ಲ.

ಕೆಲವು ವರ್ಷಗಳ ನಂತರ ಮ್ಯಾಂಚೆಸ್ಟರಿನ ಒಬ್ಬ ಯಂತ್ರಕುಶಲಿ ಜೂಲ್‌ಗೆ ಒಂದು ಸಲಹೆ ಕೊಟ್ಟ. ಕಬ್ಬಿಣ ಕಾಂತವಾದಾಗ ಅದರ ಗಾತ್ರ ಹಿಗ್ಗಬಹುದು, ಹಾಗೆ ಹಿಗ್ಗುವುದಾದರೆ ಆ ತಳ್ಳುವಿಕೆಯಿಂದ ಯಂತ್ರ ಓಡಿಸಬಹುದಲ್ಲ ಎಂದು. ಜೂಲ್ ಪರೀಕ್ಷೆ ಮಾಡಲು ಕೂತ. ಒಂದು ಕಬ್ಬಿಣದ ಸರಳನ್ನು ಸುರುಳಿಯೊಳಗೆ ನಿಲ್ಲಿಸಿದ. ಸರಳು ಉದ್ದವಾದರೆ ಆ ಅಲ್ಪ ಚಲನೆಯನ್ನು ಸನ್ನೆಕೋಲುಗಳಿಂದ ದೊಡ್ಡದು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಏರ್ಪಾಡು ಮಾಡಿದ. ವಿದ್ಯುತ್ ಹರಿಸಿದ ಕೂಡಲೇ ಸರಳು ಉದ್ದವಾಯಿತು!

ಎಷ್ಟು ಉದ್ದ? ನಿಮ್ಮ ಶಾಲೆಯ ಮೀಟರ್ ಪಟ್ಟಿಯಷ್ಟು ಉದ್ದದ ಕಬ್ಬಿಣ ಹಿಗ್ಗುವುದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ತಲೆಗೂದಲಿನ ದಪ್ಪದ ಮುಂದೆಯೂ ಅದು ಏನೇನೂ ಅಲ್ಲ.

ಜೂಲ್ ಅಲ್ಲಿಗೇ ನಿಲ್ಲಲಿಲ್ಲ. ಉದ್ದ ಹೆಚ್ಚಿತು ಸರಿ, ಗಾತ್ರವೂ ಹೆಚ್ಚಿತೇ? ಸರಳನ್ನು ನೀರು ತುಂಬಿದ ಕೊಳವೆಯಲ್ಲಿಟ್ಟು ಬಾಯಿಗೆ ಕೂದಲೆಳೆಯಂಥ ಸಣ್ಣ ನಳಿಕೆ ಜೋಡಿಸಿದ. ಗಾತ್ರ ಹೆಚ್ಚಿದರೆ ನಳಿಕೆಯಲ್ಲಿ ನೀರು ಏರಬೇಕು. ನೀರು ಅಲುಗಲಿಲ್ಲ. ಅಂದರೆ ಕಬ್ಬಿಣ ಉದ್ದಕ್ಕೆ ಎಳೆದುಕೊಂಡಾಗ ಅಡ್ಡಕ್ಕೆ ಅಷ್ಟೇ ಸಣ್ಣಗಾಗುತ್ತದೆ. ಚಪಾತಿ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಹೊಸೆದರೆ ಉದ್ದವಾಗಿ ಸಣ್ಣಗಾಗುತ್ತದಲ್ಲ, ಹಾಗೆ. 1842ರಲ್ಲಿ ಇದನ್ನು ಮ್ಯಾಂಚೆಸ್ಟರಿನ ಒಂದು ಉಪನ್ಯಾಸದಲ್ಲಿ ಹೇಳಿದ, 1847ರಲ್ಲಿ ವಿವರವಾಗಿ ಬರೆದ. ಇದಕ್ಕೆ ಇಂದು ಮ್ಯಾಗ್ನೆಟೋಸ್ಟ್ರಿಕ್ಷನ್ ಎಂದು ಹೆಸರು. ಇಷ್ಟು ಚಿಕ್ಕ ಹಿಗ್ಗುವಿಕೆಯಿಂದ ಕಾರ್ಖಾನೆ ನಡೆಸುವ ಯಂತ್ರವಂತೂ ಆಗಲಿಲ್ಲ. ಅಂದಿನವರಿಗೆ ಇದೊಂದು ತಮಾಷೆಯ ಸಂಗತಿ, ಅಷ್ಟೇ.

ಈಗ ಇದನ್ನು ಟಿ.ಸಿ.ಯೊಳಗೆ ಇಟ್ಟು ನೋಡಿ. ನಮ್ಮ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಅದರ ಜೊತೆಗೆ ಕಬ್ಬಿಣದ ತಿರುಳಿನ ಕಾಂತತ್ವವೂ ಉತ್ತರ-ದಕ್ಷಿಣ ಅದಲುಬದಲಾಗುತ್ತದೆ. ಆದರೆ ಕಬ್ಬಿಣಕ್ಕೆ ಹಿಗ್ಗಲು ಕಾಂತ ಯಾವ ದಿಕ್ಕಿಗಿದ್ದರೂ ಒಂದೇ. ಜೋಕಾಲಿಯನ್ನು ನೆನೆಸಿಕೊಳ್ಳಿ. ಒಂದು ಸಲ ಹೋಗಿ ಬರುವುದರೊಳಗೆ ಅದು ಎರಡು ಸಲ ಮೇಲೇರುತ್ತದೆ, ಮುಂದೆ ಒಮ್ಮೆ, ಹಿಂದೆ ಒಮ್ಮೆ. ಹಾಗೆಯೇ ಸೆಕೆಂಡಿಗೆ 50 ಸಲ ಹೋಗಿ ಬರುವ ವಿದ್ಯುತ್ತಿಗೆ ಕಬ್ಬಿಣ 100 ಸಲ ಹಿಗ್ಗಿ ಕುಗ್ಗುತ್ತದೆ. ಸೆಕೆಂಡಿಗೆ 100 ಸಲ ನಡುಗುವ ವಸ್ತು ಹೊರಡಿಸುವ ದನಿಯೇ ಆ ಗುಂಯ್. ಅದರ ಜೊತೆಗೆ ಇನ್ನಷ್ಟು ಏರುದನಿಗಳೂ ಸೇರಿರುತ್ತವೆ. ಕಬ್ಬಿಣದ ನಡುಕ ಎಣ್ಣೆಗೆ, ಎಣ್ಣೆಯಿಂದ ಪೆಟ್ಟಿಗೆಯ ಗೋಡೆಗೆ, ಗೋಡೆಯಿಂದ ಗಾಳಿಗೆ ಸಾಗಿ ನಮ್ಮ ಕಿವಿಗೆ ಬರುತ್ತದೆ. ಊರಿನ ದೀಪಗಳೆಲ್ಲ ಆರಿದ್ದರೂ ಸದ್ದು ನಿಲ್ಲುವುದಿಲ್ಲ ಎಂಬುದನ್ನು ಗಮನಿಸಿ. ಯಾರೂ ವಿದ್ಯುತ್ ಬಳಸದಿದ್ದರೂ ತಿರುಳಿನ ಕಬ್ಬಿಣ ಕಾಂತವಾಗುತ್ತಲೇ ಇರುತ್ತದಲ್ಲ.

ಎಣ್ಣೆ ಕಾಗದದ ಗುಟ್ಟು

1843ರಲ್ಲಿ ಜೂಲ್ ಮಾಡಿದ ಪ್ರಯೋಗ ಇನ್ನೂ ದೊಡ್ಡದು. ಒಂದು ಪುಟ್ಟ ವಿದ್ಯುತ್ಕಾಂತವನ್ನು ನೀರು ತುಂಬಿದ ಕೊಳವೆಯೊಳಗೆ ಇಟ್ಟು, ಪ್ರಬಲ ಕಾಂತದ ಧ್ರುವಗಳ ನಡುವೆ ಗರಗರ ತಿರುಗಿಸಿದ. ಅದರಲ್ಲಿ ವಿದ್ಯುತ್ ಹುಟ್ಟಿ ನೀರು ಬಿಸಿಯಾಯಿತು. ತಿರುಗಿಸಲು ಮಾಡಿದ ಕೆಲಸ ಎಷ್ಟು, ಹುಟ್ಟಿದ ಬಿಸಿ ಎಷ್ಟು ಎಂದು ತೂಗಿ ನೋಡಿದ.

ಆ ಪುಟ್ಟ ವಿದ್ಯುತ್ಕಾಂತದ ತಿರುಳನ್ನು ಆತ ಗಟ್ಟಿ ಕಬ್ಬಿಣದಿಂದ ಮಾಡಿರಲಿಲ್ಲ. ಆರು ತೆಳು ಪಟ್ಟಿಗಳನ್ನು ಜೋಡಿಸಿದ್ದ. ಪಟ್ಟಿಯಿಂದ ಪಟ್ಟಿಗೆ ವಿದ್ಯುತ್ ಹಾಯದಂತೆ ನಡುನಡುವೆ ಎಣ್ಣೆ ಸವರಿದ ಕಾಗದ ಇಟ್ಟಿದ್ದ! ಈ ಒಂದು ಸಾಲಿನ ಸಂಗತಿಯನ್ನು ಓದಿದರೆ ಇಂದಿನ ಪರಿವರ್ತಕ ತಯಾರಕರಿಗೆ ಖುಷಿಯಾಗುತ್ತದೆ. ಅವರು ದಿನವೂ ಮಾಡುವ ಕೆಲಸ ಅದೇ.

ಯಾಕೆ ಹಾಗೆ? ಕಾಂತತ್ವ ಬದಲಾಗುವಾಗ ಹತ್ತಿರದ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದೇ ಪರಿವರ್ತಕದ ಜೀವಾಳ. ಆದರೆ ಕಬ್ಬಿಣವೂ ವಿದ್ಯುತ್ ವಾಹಕವೇ ತಾನೇ? ಹಾಗಾಗಿ ತಿರುಳಿನ ಒಳಗೂ ಹೊಳೆಯ ಸುಳಿಯಂತೆ ಸುತ್ತುವ ಪ್ರವಾಹಗಳು ಹುಟ್ಟುತ್ತವೆ. ಸುಳಿ ಪ್ರವಾಹ ಎಂದೇ ಅವಕ್ಕೆ ಹೆಸರು. ಅವು ಯಾರ ಮನೆಯ ದೀಪವನ್ನೂ ಉರಿಸುವುದಿಲ್ಲ. ಕಬ್ಬಿಣವನ್ನು ಸುಮ್ಮನೆ ಬಿಸಿ ಮಾಡುತ್ತವೆ, ಅದೂ ಜೂಲ್‌ನ ನಿಯಮದಂತೆ. ಗಟ್ಟಿ ಕಬ್ಬಿಣದಲ್ಲಿ ಸುಳಿಗೆ ವಿಶಾಲವಾದ ಜಾಗ. ತೆಳು ಹಾಳೆಗಳಾಗಿ ಸೀಳಿ ನಡುವೆ ತಡೆ ಹಾಕಿದರೆ ಸುಳಿಗೆ ಸುತ್ತಲು ಜಾಗವೇ ಇಲ್ಲ.

ತಿರುಳು ಬಿಸಿಯಾಗಲು ಇನ್ನೊಂದು ಕಾರಣವೂ ಇದೆ. ಕಬ್ಬಿಣದೊಳಗೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಕಾಂತ ವಲಯಗಳಿವೆ. ಕವಾಯತಿನಲ್ಲಿ ಮಾಸ್ತರರು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಬಿಡುವಿಲ್ಲದೆ ಹೇಳುತ್ತಲೇ ಇದ್ದರೆ ನಿಮಗೆ ಹೇಗಾಗುತ್ತದೆ? ಕೆಲವರು ತಡವಾಗಿ ತಿರುಗುತ್ತಾರೆ, ಕೆಲವರು ಪಕ್ಕದವರಿಗೆ ತಗಲುತ್ತಾರೆ. ಹಾಗೆಯೇ ಈ ವಲಯಗಳು ತಿರುಗಲು ತಡಮಾಡಿ ತಿಣುಕಾಡುವಾಗ ಶಕ್ತಿ ಬಿಸಿಯಾಗಿ ಹೋಗುತ್ತದೆ. ಈ ತಡವರಿಕೆಗೆ ಹಿಸ್ಟರಿಸಿಸ್ ಎಂಬ ಹೆಸರನ್ನು 1880ರ ದಶಕದ ಆರಂಭದಲ್ಲಿ ಕೊಟ್ಟವನು ಜಪಾನಿನ ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್.

ಯಾರೂ ಕೇಳದ ಮಾತು

1843ರ ಪ್ರಯೋಗದಿಂದ ಜೂಲ್‌ಗೆ ಒಂದು ನಂಬಿಕೆ ಗಟ್ಟಿಯಾಯಿತು. ಬಿಸಿ ಎಂಬುದು ಒಂದು ದ್ರವವಲ್ಲ, ಅದೂ ಶಕ್ತಿಯ ಒಂದು ರೂಪ. ಕೆಲಸ ಮಾಡಿದಷ್ಟೇ ಬಿಸಿ ಹುಟ್ಟುತ್ತದೆ, ಅದಕ್ಕೆ ನಿಶ್ಚಿತ ಲೆಕ್ಕವಿದೆ. ಆಗಿನ ಹಲವು ದೊಡ್ಡ ವಿಜ್ಞಾನಿಗಳು ಬಿಸಿಯನ್ನು ಒಂದು ಬಗೆಯ ದ್ರವವೆಂದೇ ನಂಬಿದ್ದರು. ಐರ್ಲೆಂಡಿನ ಕಾರ್ಕ್ ನಗರದ ಸಭೆಯಲ್ಲಿ ಜೂಲ್ ತನ್ನ ಲೇಖನ ಓದಿದ. ಯಾರೂ ಆಸಕ್ತಿ ತೋರಲಿಲ್ಲ. ಮರುವರ್ಷ ಗಾಳಿಯನ್ನು ಒತ್ತಿ ಮಾಡಿದ ಪ್ರಯೋಗದ ಲೇಖನವನ್ನು ರಾಯಲ್ ಸೊಸೈಟಿ ಪೂರ್ತಿ ಅಚ್ಚುಹಾಕಲು ಒಪ್ಪಲಿಲ್ಲ.

ಅವರು ನಂಬದಿರಲು ಒಂದು ಕಾರಣವಿತ್ತು, ಅದನ್ನೂ ಹೇಳಬೇಕು. ಜೂಲ್ ತೋರಿಸುತ್ತಿದ್ದ ತಾಪದ ಏರಿಕೆ ತೀರ ಸಣ್ಣದು. ಡಿಗ್ರಿಯ ನೂರನೇ ಭಾಗಗಳನ್ನು ಓದಿದೆ ಎಂದರೆ ಯಾರು ನಂಬುತ್ತಾರೆ? ಆದರೆ ಆತನ ಬಳಿ ಮ್ಯಾಂಚೆಸ್ಟರಿನ ಜಾನ್ ಬೆಂಜಮಿನ್ ಡಾನ್ಸರ್ ಎಂಬ ಕುಶಲಿ ಮಾಡಿಕೊಟ್ಟ ಉಷ್ಣಮಾಪಕಗಳಿದ್ದವು. ಅದನ್ನು ಓದಲು ಬಿಯರ್ ಕಾರ್ಖಾನೆಯಲ್ಲಿ ಪಳಗಿದ ಕಣ್ಣುಗಳಿದ್ದವು.

ಆಮೇಲೆ ಬಂತು ನಿಮ್ಮ ಪುಸ್ತಕಗಳಲ್ಲಿ ಚಿತ್ರವಿರುವ ಆ ಪ್ರಸಿದ್ಧ ಪ್ರಯೋಗ. ತಾಮ್ರದ ಪಾತ್ರೆಯಲ್ಲಿ ನೀರು, ಅದರೊಳಗೆ ಹುಟ್ಟಿನಂಥ ರೆಕ್ಕೆಗಳಿರುವ ಚಕ್ರ. ದಾರಕ್ಕೆ ಕಟ್ಟಿದ ತೂಕದ ಗುಂಡುಗಳು ಕೆಳಗಿಳಿದಂತೆ ಚಕ್ರ ತಿರುಗಿ ನೀರನ್ನು ಕಡೆಯುತ್ತದೆ. ಮಜ್ಜಿಗೆ ಕಡೆದ ಹಾಗೆ! ಗುಂಡುಗಳನ್ನು 20 ಸಲ ಮೇಲೆತ್ತಿ ಇಳಿಸಿದರೆ ನೀರಿನ ತಾಪ ಏರುತ್ತಿದ್ದದ್ದು ಅರ್ಧ ಫ್ಯಾರನ್‌ಹೀಟ್ ಡಿಗ್ರಿಗಿಂತ ತುಸು ಹೆಚ್ಚು. ಇದನ್ನು ಮತ್ತೆ ಮತ್ತೆ, ವರ್ಷಗಟ್ಟಲೆ ಮಾಡಿದ. ನೀರಿನ ಬದಲು ಪಾದರಸದಲ್ಲೂ ಮಾಡಿದ, ಕಬ್ಬಿಣದ ತಟ್ಟೆಗಳನ್ನು ಉಜ್ಜಿಯೂ ನೋಡಿದ. ಪ್ರತಿ ಸಲವೂ ಉತ್ತರ ಹೆಚ್ಚುಕಡಿಮೆ ಒಂದೇ.

ನಮ್ಮ ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರ್ ನೀರಿನ ತಾಪವನ್ನು ಒಂದು ಸೆಲ್ಸಿಯಸ್ ಡಿಗ್ರಿ ಏರಿಸುವ ಬಿಸಿಯೂ ಅದೇ ನೀರನ್ನು ಸುಮಾರು 424 ಮೀಟರ್ ಎತ್ತರಕ್ಕೆ ಎತ್ತುವ ಕೆಲಸವೂ ಸಮ. ಇಂದಿನ ನಿಖರ ಉತ್ತರ ಸುಮಾರು 427 ಮೀಟರ್. ಶೇಕಡಾ ಒಂದರಷ್ಟೂ ತಪ್ಪಿಲ್ಲ ನೋಡಿ! ಇದೇ ಲೆಕ್ಕದಲ್ಲಿ 253 ಮೀಟರ್ ಎತ್ತರದ ಜೋಗದ ಜಲಪಾತದ ನೀರು ಕೆಳಗೆ ಬಿದ್ದಾಗ, ದಾರಿಯಲ್ಲಿ ಗಾಳಿಗೆ ತಣಿಯದಿದ್ದರೆ, ಸುಮಾರು 0.6 ಡಿಗ್ರಿ ಬೆಚ್ಚಗಾಗಬೇಕು.

1847ರ ಜೂನ್ ತಿಂಗಳು, ಆಕ್ಸ್‌ಫರ್ಡಿನ ಸಭೆ. ವಿಷಯವನ್ನು ಚುಟುಕಾಗಿ ಮುಗಿಸಬೇಕೆಂದು ಅಧ್ಯಕ್ಷರು ಜೂಲ್‌ಗೆ ಮೊದಲೇ ಸೂಚಿಸಿದ್ದರು. ಮತ್ತೊಮ್ಮೆ ಎಲ್ಲರೂ ಸುಮ್ಮನೆ ಕೇಳಿ ಎದ್ದುಹೋಗುತ್ತಿದ್ದರೋ ಏನೋ. ಆದರೆ ಅಂದು ಸಭೆಯಲ್ಲಿ ವಿಲಿಯಂ ಥಾಮ್ಸನ್ ಎಂಬ ತರುಣ ಪ್ರಾಧ್ಯಾಪಕನಿದ್ದ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಇವನೇ. ಅವನಿಗೆ ಜೂಲ್ ಹೇಳಿದ್ದು ಮೊದಲು ಸರಿಯೆನಿಸಲಿಲ್ಲ, ಆದರೆ ತಲೆಯಿಂದ ಹೊರಗೂ ಹೋಗಲಿಲ್ಲ. ಬಂದು ಮಾತಾಡಿದ, ವಾದಿಸಿದ, ಸ್ನೇಹಿತನಾದ. ಇಬ್ಬರೂ ಸೇರಿ ಮುಂದೆ ಅನಿಲಗಳು ಹಿಗ್ಗುವಾಗ ತಣ್ಣಗಾಗುವ ಬಗೆಯನ್ನು ಕಂಡುಹಿಡಿದರು. 1849ರಲ್ಲಿ ಜೂಲ್‌ನ ಹೊಸ ಲೇಖನವನ್ನು ರಾಯಲ್ ಸೊಸೈಟಿಯ ಮುಂದಿಟ್ಟವನು ಸ್ವತಃ ಮೈಕೇಲ್ ಫ್ಯಾರಡೆ. 1850ರಲ್ಲಿ ಜೂಲ್‌ನನ್ನು ಸೊಸೈಟಿಯ ಸದಸ್ಯನನ್ನಾಗಿ ಆರಿಸಿದರು. ಶಕ್ತಿ ಅಳಿಯುವುದಿಲ್ಲ, ರೂಪ ಬದಲಿಸುತ್ತದೆ ಎಂಬ ವಿಚಾರಕ್ಕೆ ಜರ್ಮನಿಯ ವೈದ್ಯ ರಾಬರ್ಟ್ ಮೇಯರ್ ಕೂಡ 1842ರಲ್ಲೇ ಬಂದಿದ್ದ. ಅದನ್ನು ಹಲವು ದಾರಿಗಳಿಂದ ಅಳೆದು ಅಲ್ಲಾಡದಂತೆ ನಿಲ್ಲಿಸಿದವನು ಜೂಲ್.

1847ರಲ್ಲೇ ಜೂಲ್ ಅಮೇಲಿಯಾ ಗ್ರೈಮ್ಸ್ ಎಂಬಾಕೆಯನ್ನು ಮದುವೆಯಾಗಿದ್ದ. ಆ ಸುಖ ಬಹಳ ಕಾಲ ಇರಲಿಲ್ಲ. 1854ರಲ್ಲಿ ಆಕೆ ತೀರಿಕೊಂಡಳು. ಉಳಿದವರು ಒಬ್ಬ ಪುಟ್ಟ ಮಗ, ಒಬ್ಬಳು ಪುಟ್ಟ ಮಗಳು. ಮನೆತನದ ಕಾರ್ಖಾನೆಯೂ ಆ ಸುಮಾರಿಗೆ ಮಾರಾಟವಾಯಿತು. ಮೊದಲೇ ಮಾತು ಕಡಿಮೆಯಿದ್ದ ಜೂಲ್ ಇನ್ನಷ್ಟು ಒಂಟಿಯಾದ, ಆದರೂ ಅಳೆಯುವುದನ್ನು ಬಿಡಲಿಲ್ಲ. ಸ್ವಂತ ದುಡ್ಡಿನಲ್ಲೇ ಪ್ರಯೋಗ ಮಾಡುತ್ತಿದ್ದವನ ಹಣ ಕಡೆಗೆ ಕರಗಿತು. 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. ಅದೇ ವರ್ಷ ಆತ ತನ್ನ ಹಳೆಯ ಪ್ರಯೋಗವನ್ನು ಮತ್ತೊಮ್ಮೆ ಇನ್ನೂ ನಿಖರವಾಗಿ ಮಾಡಿ ಮುಗಿಸಿದ. ಬಂದ ಸಂಖ್ಯೆ, ಅಂದಿನ ಇಂಗ್ಲಿಷ್ ಅಳತೆಯಲ್ಲಿ, 772.55.

1885ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಜಿಪರ್ನೋವ್‌ಸ್ಕಿ, ಬ್ಲಾತಿ, ಡೇರಿ ಎಂಬ ಮೂವರು ಎಂಜಿನಿಯರರು ಮುಚ್ಚಿದ ಕಬ್ಬಿಣದ ತಿರುಳಿನ ಪರಿವರ್ತಕ ಮಾಡಿದರು. ಊರೂರಿಗೆ ವಿದ್ಯುತ್ ಒಯ್ಯುವ ಕಾಲ ಶುರುವಾಯಿತು. ಜೂಲ್ ಆಗ ಸೇಲ್ ಎಂಬ ಊರಿನ ತನ್ನ ಮನೆಯಲ್ಲಿ ಕಾಯಿಲೆಯಲ್ಲಿದ್ದ. 1889ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ಶಕ್ತಿಯ ಮಾನಕ್ಕೆ ಜೂಲ್ ಎಂದು ಹೆಸರಿಟ್ಟಿತು. ಅದೇ ವರ್ಷ ಅಕ್ಟೋಬರ್ 11ರಂದು ಜೂಲ್ ತೀರಿಕೊಂಡ. ಸೇಲ್ ಊರಿನ ಸ್ಮಶಾನದಲ್ಲಿ ಅವನ ಸಮಾಧಿಕಲ್ಲಿನ ಮೇಲೆ 772.55 ಎಂದು ಕೆತ್ತಿದ್ದಾರೆ. ಮ್ಯಾಂಚೆಸ್ಟರಿನ ಪುರಭವನದ ಬಾಗಿಲಲ್ಲಿ ಗುರು ಡಾಲ್ಟನ್ ಮತ್ತು ಶಿಷ್ಯ ಜೂಲ್ ಎದುರುಬದುರಾಗಿ ಅಮೃತಶಿಲೆಯಲ್ಲಿ ಕೂತಿದ್ದಾರೆ.

ತಿರುಳು ಬದಲಾದ ಬಗೆ

ಜೂಲ್ ಹೋದ ಮೇಲೂ ಕಬ್ಬಿಣ ಹಿಗ್ಗುವುದನ್ನು, ಬಿಸಿಯಾಗುವುದನ್ನು ಬಿಡಲಿಲ್ಲ. ಮೊದಲ ಪರಿವರ್ತಕಗಳ ತಿರುಳು ಮೆದು ಕಬ್ಬಿಣದ್ದು. ಅದಕ್ಕೊಂದು ಕೆಟ್ಟ ಚಾಳಿ. ಹೊಸದರಲ್ಲಿ ಚೆನ್ನಾಗಿರುತ್ತಿತ್ತು, ತಿಂಗಳುಗಳು ಕಳೆದಂತೆ ಮುದುಕಾಗಿ ಹೆಚ್ಚು ಹೆಚ್ಚು ಶಕ್ತಿ ತಿನ್ನುತ್ತಿತ್ತು.

1900ರ ಹೊತ್ತಿಗೆ ವಿಲಿಯಂ ಬ್ಯಾರೆಟ್, ಬ್ರೌನ್ ಮತ್ತು ಉಕ್ಕಿನ ತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಕಬ್ಬಿಣಕ್ಕೆ ಸ್ವಲ್ಪ ಸಿಲಿಕಾನ್ ಬೆರೆಸಿ ನೋಡಿದರು. ಮರಳಿನಲ್ಲಿರುವ ಧಾತುವೇ ಈ ಸಿಲಿಕಾನ್. ಮಿಶ್ರಣದ ರೋಧ ಹೆಚ್ಚಿತು, ಸುಳಿ ಪ್ರವಾಹ ತಗ್ಗಿತು. ಹಿಸ್ಟರಿಸಿಸ್ ಕಡಿಮೆಯಾಯಿತು, ಮುದುಕಾಗುವ ಚಾಳಿಯೂ ಬಿಟ್ಟಿತು. ಇಂದಿಗೂ ಪರಿವರ್ತಕದ ಉಕ್ಕಿನಲ್ಲಿ ಶೇಕಡಾ 3ರಷ್ಟು ಸಿಲಿಕಾನ್ ಇರುತ್ತದೆ. ಅಂದಹಾಗೆ ಈ ಬ್ಯಾರೆಟ್ ಜೂಲ್‌ನ ಪ್ರಯೋಗವನ್ನೂ ಮುಂದುವರಿಸಿದ್ದ. ನಿಕ್ಕಲ್ ಲೋಹ ಕಾಂತವಾದಾಗ ಹಿಗ್ಗುವ ಬದಲು ಕುಗ್ಗುತ್ತದೆ ಎಂದು 1882ರಲ್ಲಿ ತೋರಿಸಿದವನು ಆತ.

1934ರಲ್ಲಿ ಅಮೆರಿಕದ ನಾರ್ಮನ್ ಗಾಸ್ ಇನ್ನೊಂದು ಹೆಜ್ಜೆ ಮುಂದಿಟ್ಟ. ಉಕ್ಕಿನ ಹಾಳೆಯನ್ನು ತಣ್ಣಗಿರುವಾಗ ಉರುಳೆಗಳ ನಡುವೆ ಒತ್ತಿ, ಮತ್ತೆ ಕಾಯಿಸಿ, ಅದರ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡುವಂತೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಸಾಲಾಗಿ ನಿಂತ ಮಕ್ಕಳು ತಿರುಗುವುದು ಸುಲಭ ತಾನೇ? ಈ ಹಾಳೆಗಳಲ್ಲಿ ನಷ್ಟ ಬಹಳ ಇಳಿಯಿತು, ಹಿಗ್ಗುವಿಕೆಯೂ ಇಳಿದು ಸದ್ದು ತಗ್ಗಿತು. ಇಂದು ಇವುಗಳ ದಪ್ಪ ಸುಮಾರು 0.23ರಿಂದ 0.35 ಮಿಲಿಮೀಟರ್. ಜೂಲ್‌ನ ಎಣ್ಣೆ ಕಾಗದದ ಜಾಗದಲ್ಲಿ ಈಗ ತೆಳುವಾದ ಲೇಪವಿದೆ.

ಸಿಲಿಕಾನನ್ನು ಶೇಕಡಾ 6.5ಕ್ಕೆ ಏರಿಸಿದರೆ ಉಕ್ಕು ಹಿಗ್ಗುವುದೇ ಇಲ್ಲ ಎನ್ನಬಹುದು! ಹಾಗಾದರೆ ಎಲ್ಲ ಟಿ.ಸಿ.ಗಳನ್ನೂ ಅದರಿಂದಲೇ ಮಾಡಬಾರದೇ? ಮಾಡಲಾಗದು, ಅದು ಹಪ್ಪಳದಂತೆ ಪೆಡಸು. ಉರುಳೆಗೆ ಕೊಟ್ಟರೆ ಒಡೆಯುತ್ತದೆ. ಜಪಾನಿನವರು 1990ರ ದಶಕದಲ್ಲಿ ಹಾಳೆ ಮಾಡಿದ ಮೇಲೆ ಸಿಲಿಕಾನನ್ನು ಹೊರಗಿನಿಂದ ಒಳಗಿಳಿಸುವ ಉಪಾಯ ಕಂಡುಕೊಂಡರು. ಆದರೆ ಅದು ದುಬಾರಿ.

ಇನ್ನೊಂದು ದಾರಿ ಅಸ್ಫಟಿಕ ಲೋಹ. ಕಬ್ಬಿಣ, ಬೋರಾನ್, ಸಿಲಿಕಾನ್‌ಗಳ ಕಾದ ದ್ರವವನ್ನು ವೇಗವಾಗಿ ತಿರುಗುವ ತಣ್ಣನೆಯ ಚಕ್ರದ ಮೇಲೆ ಚಿಮ್ಮಿಸುತ್ತಾರೆ. ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯ ವೇಗದಲ್ಲಿ ತಣಿಯುವುದರಿಂದ ಹರಳುಗಳು ಜೋಡಿಸಿಕೊಳ್ಳಲು ಸಮಯವೇ ಸಿಗದೆ, ಗಾಜಿನಂತೆ ಅಡ್ಡಾದಿಡ್ಡಿಯಾಗಿಯೇ ಗಟ್ಟಿಯಾಗುತ್ತದೆ. ಸಿಗುವ ಪಟ್ಟಿಯ ದಪ್ಪ 0.025 ಮಿಲಿಮೀಟರ್ ಮಾತ್ರ. ಇದರ ತಿರುಳಿನಲ್ಲಿ ನಷ್ಟ ಸಾಮಾನ್ಯ ಉಕ್ಕಿನ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಇದೆಷ್ಟು ದೊಡ್ಡ ಉಳಿತಾಯ ಎಂದು ನೀವೇ ಲೆಕ್ಕ ಮಾಡಿ. ಒಂದು ಟಿ.ಸಿ.ಯ ತಿರುಳಿನಲ್ಲಿ 100 ವ್ಯಾಟ್ ನಷ್ಟವಾಗುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 8760 ಗಂಟೆ. ಹಗಲು ರಾತ್ರಿ ಬಿಡುವಿಲ್ಲದ ಈ ನಷ್ಟ ವರ್ಷಕ್ಕೆ 876 ಯೂನಿಟ್ ಆಗುತ್ತದೆ. ಒಂದೊಂದು ಯೂನಿಟ್ ಎಂದರೆ 36 ಲಕ್ಷ ಜೂಲ್.

ಆದರೆ ಒಂದು ತೊಡಕಿದೆ. ಈ ಅಸ್ಫಟಿಕ ಲೋಹ ಸಿಲಿಕಾನ್ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಹೆಚ್ಚು ಗುಂಯ್‌ಗುಡುತ್ತದೆ. ಒಂದರಲ್ಲಿ ನಷ್ಟ ಕಡಿಮೆ, ಇನ್ನೊಂದರಲ್ಲಿ ಸದ್ದು ಕಡಿಮೆ. ಆಸ್ಪತ್ರೆಯ ಪಕ್ಕದಲ್ಲಿ ಇಡುವ ಪರಿವರ್ತಕಕ್ಕೂ ಬಯಲಿನ ಪಂಪ್‌ಸೆಟ್ಟಿಗೆ ಇಡುವ ಪರಿವರ್ತಕಕ್ಕೂ ಯಾವುದು ಒಳ್ಳೆಯದು ಎಂಬ ಉತ್ತರ ಒಂದೇ ಆಗಬೇಕಾಗಿಲ್ಲ. ಎಂಜಿನಿಯರರು ತಿರುಳಿನ ಹಾಳೆಗಳನ್ನು ಬಿಗಿಯಾಗಿ ಕಟ್ಟುತ್ತಾರೆ, ಹೆಚ್ಚು ಕಬ್ಬಿಣ ಹಾಕಿ ಅದನ್ನು ಮೆಲ್ಲಗೆ ಮಾತ್ರ ಕಾಂತವಾಗಿಸುತ್ತಾರೆ, ಪೆಟ್ಟಿಗೆಯ ಅಡಿಗೆ ರಬ್ಬರ್ ಮೆತ್ತೆ ಕೊಡುತ್ತಾರೆ. ಹೀಗೆ ಮಾಡಿ ಸಿದ್ಧವಾದ ದೊಡ್ಡ ಪರಿವರ್ತಕವನ್ನು ಕೊಳ್ಳುವ ಮೊದಲು ಮೂರು ಅಳತೆಗಳನ್ನು ಪರೀಕ್ಷಿಸುತ್ತಾರೆ. ಯಾರೂ ಬಳಸದಿರುವಾಗ ತಿರುಳಿನಲ್ಲಿ ಎಷ್ಟು ವ್ಯಾಟ್ ನಷ್ಟ, ಪೂರ್ತಿ ಬಳಸುವಾಗ ತಂತಿಯಲ್ಲಿ ಎಷ್ಟು ವ್ಯಾಟ್ ನಷ್ಟ, ಮತ್ತು ಸದ್ದು ಎಷ್ಟು ಡೆಸಿಬೆಲ್.